ನಿಮ್ಮ ಲೋಹರಹಿತ ಕೀರ್ತಿಯ ಬಗ್ಗೆ

ರಸಾಯನಶಾಸ್ತ್ರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಪ್ರಯೋಗಾಲಯದಲ್ಲಿ ಒಂದು ರಾಸಾಯನಿಕ ಕ್ರಿಯೆ ನಿಂತುಹೋಗಿದೆ. ಅದನ್ನು ನಿಲ್ಲಿಸಿದವರು ನೀವು. ಶಿಕ್ಷೆ ಮಾತ್ರ ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ. ಮುಂದಿನ ವಾರ ಅವಳನ್ನು ಸಮಿತಿಯ ಮುಂದೆ ನಿಲ್ಲಿಸಿ, ‘ಪ್ರಯೋಗ ಕೌಶಲ ಸಾಲದು’ ಎಂದು ಬರೆದು, ಅವಳ ಪಿಎಚ್‌ಡಿ ನೋಂದಣಿಯನ್ನು ರದ್ದು ಮಾಡಿಸಲು ಹೊರಟಿದ್ದೀರಿ. ಕೆಲವು ವರ್ಷಗಳ ಹಿಂದೆ ನನ್ನನ್ನು ಹೊರಗೆ ಕಳಿಸಿದಾಗಲೂ ಅದೇ ಸಮಿತಿ ಇತ್ತು, ಅದೇ ಪದಗಳಿದ್ದವು. ಹೊಸ ಪದ ಹುಡುಕುವ ಕಷ್ಟವನ್ನೂ ನೀವು ತೆಗೆದುಕೊಂಡಿಲ್ಲ. ಆಗ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋದೆ. ಈ ಸಲ ಹಾಗೆ ಆಗುವುದಿಲ್ಲ.

ಇದು ಸೇಡಿನ ಪತ್ರವೇ ಎಂದು ನಿಮ್ಮ ಆಪ್ತರು ಕೇಳಿಯೇ ಕೇಳುತ್ತಾರೆ. ಹೌದು, ಸೇಡಿನದೇ. ನಾನು ಸತ್ಯಕ್ಕಾಗಿ, ವಿಜ್ಞಾನಕ್ಕಾಗಿ, ನಾಡಿನ ಒಳಿತಿಗಾಗಿ ಬರೆಯುತ್ತಿದ್ದೇನೆ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಆದರೆ ನಿಜ ಹೇಳಬೇಕೆಂದರೆ, ನಿಮ್ಮ ವಿಭಾಗದ ಜಾಲತಾಣದಲ್ಲಿ ಹೊಸದಾಗಿ ಹಾಕಿರುವ ಪುಟವನ್ನು ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಬರೆಯಲು ಕೂತಿದ್ದೇನೆ.

ಎಂಥ ಪುಟ ಸ್ವಾಮಿ ಅದು! ‘ನಮ್ಮ ಸಂಶೋಧನಾ ಸಾಮರ್ಥ್ಯಗಳು ಮತ್ತು ಸಹಯೋಗದ ಗುರಿಗಳು’ ಎಂಬ ತಲೆಬರಹ. ಕೆಳಗೆ ನಿಮ್ಮ ಚಿತ್ರ. ಇಸ್ತ್ರಿ ಮಾಡಿದ ಬಿಳಿ ಕೋಟು, ಕೈಯಲ್ಲಿ ಒಂದು ಫ್ಲಾಸ್ಕು. ನಾನು ಅಲ್ಲಿದ್ದ ಅಷ್ಟೂ ಕಾಲದಲ್ಲಿ ನಿಮ್ಮ ಕೈಯಲ್ಲಿ ಫ್ಲಾಸ್ಕನ್ನು ನೋಡಿರಲಿಲ್ಲವಾದ್ದರಿಂದ ಮೊದಲು ನೀವೆಂದು ಗುರುತೇ ಹತ್ತಲಿಲ್ಲ. ಚಿತ್ರದ ಕೆಳಗೆ ವಿಭಾಗದ ಮೊದಲ ಸಾಮರ್ಥ್ಯವಾಗಿ ‘ಲೋಹರಹಿತ ಜೋಡಣಾ ಕ್ರಿಯೆ’. ಆಮೇಲೆ ಗುರಿಗಳು: ‘ಮುಕ್ತ ಸಂವಾದ’, ‘ಪರಸ್ಪರ ಗೌರವ’, ‘ಫಲಿತಾಂಶಗಳ ಪಾರದರ್ಶಕ ಹಂಚಿಕೆ’, ‘ಸಮಾನಮನಸ್ಕ ಸಂಸ್ಥೆಗಳೊಂದಿಗೆ ದೀರ್ಘಕಾಲದ ಸಹಯೋಗ’. ನಿಮ್ಮ ಕೋಣೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿದ್ದ ನಿಮ್ಮದೇ ವಿದ್ಯಾರ್ಥಿನಿಯ ಮಾತನ್ನು ಕೊನೆಯವರೆಗೆ ಕೇಳಲಾಗದವರು ಸಮುದ್ರದಾಚೆಯವರೊಂದಿಗೆ ಯಾವ ಸಂವಾದ ನಡೆಸುತ್ತೀರಿ? ಪರಸ್ಪರ ಗೌರವ ಎಂದರೆ ಏನೆಂದು ಆ ಪುಟ ಬರೆದುಕೊಟ್ಟವರು ನಿಮಗೆ ಒಮ್ಮೆ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು.

ಇದು ಬಹಿರಂಗ ಪತ್ರವಾದ್ದರಿಂದ ಓದುಗರಿಗಾಗಿ ಆ ಕ್ರಿಯೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಬೇಸರಿಸಬೇಡಿ. ಎರಡು ಅಣುಗಳನ್ನು ಸೇರಿಸಿ ಒಂದು ಮಾಡುವ ಕೆಲಸ ಅದು. ಔಷಧ ತಯಾರಿಸುವವರಿಗೆ ಇದು ನಿತ್ಯದ ಅಗತ್ಯ. ಈ ಅಣುಗಳು ತಾವಾಗಿ ಒಂದನ್ನೊಂದು ಮೂಸಿಯೂ ನೋಡುವುದಿಲ್ಲ. ನಡುವೆ ಮದುವೆ ದಲ್ಲಾಳಿಯ ಹಾಗೆ ಪಲ್ಲೇಡಿಯಂ ಎಂಬ ದುಬಾರಿ ಲೋಹವೊಂದು ನಿಂತು ಜೋಡಿ ಮಾಡಿಸಬೇಕು. ದಲ್ಲಾಳಿಯೇ ಬೇಡ, ನಮ್ಮಲ್ಲಿ ಅವು ತಾವಾಗಿಯೇ ಸೇರುತ್ತವೆ ಎಂಬುದು ನಮ್ಮ ಮುಖ್ಯಸ್ಥರ ಹೆಗ್ಗಳಿಕೆ. ಇದರ ಮೇಲೆ ಪ್ರಬಂಧಗಳು ಬಂದವು, ಸನ್ಮಾನಗಳಾದವು, ಅವರು ಮುಖ್ಯಸ್ಥರೂ ಆದರು. ಬೇರೆ ಊರುಗಳ ಪ್ರಯೋಗಾಲಯಗಳಿಂದ ಮಾತ್ರ ಆಗಾಗ ಒಂದೊಂದು ಪತ್ರ ಬರುತ್ತಿತ್ತು: ನೀವು ಬರೆದ ಹಾಗೆಯೇ ಮಾಡಿದೆವು, ಏನೂ ಆಗಲಿಲ್ಲ. ಅದಕ್ಕೆ ನಮ್ಮವರ ಉತ್ತರ ಸಿದ್ಧವಿರುತ್ತಿತ್ತು. ಈ ಕ್ರಿಯೆಗೆ ಪಳಗಿದ ಕೈ ಬೇಕು ಎನ್ನುತ್ತಿದ್ದರು.

ಆ ಪಳಗಿದ ಕೈ ಯಾರದೆಂದರೆ ನನಗಿಂತ ಹಿರಿಯ ಸಂಶೋಧಕರೊಬ್ಬರದು. ನೀವೇ ಅವರಿಗೆ ‘ಚಿನ್ನದ ಕೈ’ ಎಂದು ಹೆಸರಿಟ್ಟಿದ್ದಿರಿ, ನಾವೆಲ್ಲ ಹಾಗೆಯೇ ಕರೆಯುತ್ತಿದ್ದೆವು. ಪಾಪ, ಒಳ್ಳೆಯ ಮನುಷ್ಯ. ಫ್ಲಾಸ್ಕು ಮುಟ್ಟಿದರೆ ಸಾಕು, ಇಳುವರಿ ತುಂಬಿ ಬರುತ್ತಿತ್ತು. ಅವರು ಪದವಿ ಪಡೆದು ಬೇರೆ ಊರಿನ ಕಾಲೇಜಿಗೆ ಪಾಠ ಹೇಳಲು ಹೋದರು. ಅವರ ಕೆಲಸವನ್ನು ಮುಂದುವರಿಸಲು ನೀವು ನನ್ನನ್ನು ತೆಗೆದುಕೊಂಡಿರಿ.

ನನ್ನ ಅಮ್ಮ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ನಮ್ಮ ಮನೆಯಲ್ಲಿ ಚಮಚವನ್ನೂ ಕುದಿಸಿಯೇ ಬಳಸುವುದು. ಅಂಥ ಮನೆಯಿಂದ ಬಂದವಳಿಗೆ ನಿಮ್ಮ ಲ್ಯಾಬಿನ ಮ್ಯಾಗ್ನೆಟಿಕ್ ಬೀಡುಗಳನ್ನು ಮುಟ್ಟಲೂ ಮನಸ್ಸಾಗಲಿಲ್ಲ. ಬೀಡು ಎಂದರೆ ಫ್ಲಾಸ್ಕಿನೊಳಗೆ ಗಿರಗಿರ ತಿರುಗಿ ದ್ರಾವಣವನ್ನು ಕಲಕುವ ಸಣ್ಣ ಅಯಸ್ಕಾಂತದ ತುಂಡು. ಮೇಲೆ ಬಿಳಿ ಹೊದಿಕೆ ಇರುತ್ತದೆ. ನಿಮ್ಮಲ್ಲಿ ಅವೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಬಿದ್ದಿರುತ್ತಿದ್ದವು. ವರ್ಷಗಟ್ಟಲೆ ತಿರುಗಿ ತಿರುಗಿ ಗೀರು ಬಿದ್ದು, ಕಂದುಗಟ್ಟಿ, ಕರ್ರಗಾಗಿದ್ದವು. ಎಲ್ಲರೂ ಅದೇ ಡಬ್ಬಕ್ಕೆ ಕೈ ಹಾಕುತ್ತಿದ್ದರು. ನಾನು ಮಾತ್ರ ಹೊಸ ಪೊಟ್ಟಣ ಒಡೆದು, ಬೆಳ್ಳನೆಯ ಬೀಡುಗಳನ್ನು ನನ್ನ ಮೇಜಿನ ಮೇಲೆ ಬೇರೆಯಾಗಿ ಇಟ್ಟುಕೊಂಡೆ. ಚೊಕ್ಕಟವಾಗಿ ಕೆಲಸ ಮಾಡಿದ ತಪ್ಪಿಗೆ ನನ್ನ ಹಣೆಬರಹವೇ ತಿರುಗಿತು.

ಏಕೆಂದರೆ ನನ್ನ ಕ್ರಿಯೆ ನಡೆಯಲಿಲ್ಲ. ಪಕ್ಕದ ಮೇಜಿನವರದು ನಡೆಯುತ್ತಿತ್ತು, ಎದುರು ಮೇಜಿನವರದು ನಡೆಯುತ್ತಿತ್ತು, ನನ್ನದು ಇಲ್ಲ. ಅದೇ ಬಾಟಲಿಯ ರಾಸಾಯನಿಕ, ಅದೇ ತಕ್ಕಡಿ, ಅದೇ ಬಿಸಿ. ತಿಂಗಳುಗಳು ಹೋದವು. ದ್ರಾವಣ ಬದಲಿಸಿದೆ, ಫ್ಲಾಸ್ಕು ಬದಲಿಸಿದೆ, ಕಿಟಕಿ ಪಕ್ಕದ ಜಾಗ ಬಿಟ್ಟು ಗೋಡೆ ಪಕ್ಕಕ್ಕೆ ಹೋದೆ. ಚಿನ್ನದ ಕೈಯವರು ಯಾವ ಬದಿಗೆ ಮುಖ ಮಾಡಿ ನಿಲ್ಲುತ್ತಿದ್ದರು ಎಂದು ಒಬ್ಬರನ್ನು ಕೇಳಿದ್ದೂ ಉಂಟು. ವಿಜ್ಞಾನದ ಪ್ರಯೋಗಾಲಯದಲ್ಲಿ ನಿಂತು! ನೀವು ನನ್ನನ್ನು ಕೋಣೆಗೆ ಕರೆಸಿ ಎಷ್ಟು ಮೃದುವಾಗಿ ಮಾತಾಡಿದಿರಿ ಎಂಬುದು ಇನ್ನೂ ಕಿವಿಯಲ್ಲಿದೆ.

“ನೋಡಮ್ಮ, ಕೆಲವರಿಗೆ ಕೈಗುಣ ಇರತ್ತೆ, ಕೆಲವರಿಗೆ ಇರಲ್ಲ. ಅದನ್ನ ಓದಿ ಕಲಿಯಕ್ಕಾಗಲ್ಲ. ಬೇಜಾರು ಮಾಡ್ಕೋಬೇಡ.”

ಬೇಜಾರು ಮಾಡಿಕೊಂಡೆ ಸಾರ್. ಕನ್ನಡಿ ಮುಂದೆ ನಿಂತು ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಹತ್ತಿರದ ಸಂಬಂಧಿಯೊಬ್ಬರ ಮದುವೆಯಲ್ಲಿ ಸೋದರತ್ತೆ ಎಲ್ಲರೆದುರು “ಏನೇ ಡಾಕ್ಟ್ರಮ್ಮ, ಇನ್ನೂ ಓದ್ತಾನೇ ಇದೀಯಾ, ಇಲ್ಲ ಅವ್ರೇ ಸಾಕು ಹೋಗು ಅಂದ್ರಾ?” ಎಂದು ನಕ್ಕರು.

ಆಮೇಲೊಂದು ದಿನ ನನ್ನ ಬೀಡು ತೊಳೆಯುವಾಗ ಕೈಜಾರಿ ಸಿಂಕಿನ ಕೊಳವೆಗೆ ಬಿತ್ತು. ಪೊಟ್ಟಣ ಖಾಲಿಯಾಗಿತ್ತು. ಬೇರೆ ದಾರಿ ಕಾಣದೆ ಮೂಗು ಮುರಿಯುತ್ತಾ ಬಿಸ್ಕತ್ತಿನ ಡಬ್ಬದಿಂದ ಒಂದು ಕರಿ ಬೀಡನ್ನು ಎತ್ತಿಕೊಂಡೆ. ಆ ಸಂಜೆಯೊಳಗೆ ಕ್ರಿಯೆ ಮುಗಿದಿತ್ತು. ಇಳುವರಿ ಚಿನ್ನದ ಕೈಯವರ ಇಳುವರಿಯ ಸಮಕ್ಕಿತ್ತು. ನಾನು ಲ್ಯಾಬಿನಲ್ಲೇ ಕುಣಿದುಬಿಟ್ಟೆ, ಕೊನೆಗೂ ಕೈ ಪಳಗಿತು ಎಂದುಕೊಂಡು. ಹೊಸ ಪೊಟ್ಟಣ ಬಂತು, ಬಿಳಿ ಬೀಡು ಹಾಕಿದೆ, ಕೈ ಮತ್ತೆ ಕೆಟ್ಟಿತು.

ಆಗ ತಲೆಗೆ ಹೊಳೆಯಿತು. ಒಂದೇ ದಿನ, ಒಂದೇ ಒಲೆಯ ಮೇಲೆ, ಎರಡು ಫ್ಲಾಸ್ಕು ಇಟ್ಟೆ. ಒಂದಕ್ಕೆ ಬಿಳಿ ಬೀಡು, ಇನ್ನೊಂದಕ್ಕೆ ಕರಿ ಬೀಡು, ಉಳಿದದ್ದೆಲ್ಲ ಒಂದೇ. ಬಿಳಿಯದು ಸತ್ತ ನೀರಿನ ಹಾಗೆ ಸುಮ್ಮನಿತ್ತು. ಕರಿಯದರಲ್ಲಿ ಕ್ರಿಯೆ ಸಲೀಸಾಗಿ ನಡೆಯಿತು. ಮತ್ತೆ ಮತ್ತೆ ಮಾಡಿದೆ, ಬೇರೆಯವರ ಕೈಯಲ್ಲೂ ಮಾಡಿಸಿದೆ, ಫಲಿತಾಂಶ ಬದಲಾಗಲಿಲ್ಲ. ಕರಿ ಬೀಡೊಂದನ್ನು ಲೋಹ ಪರೀಕ್ಷೆ ಮಾಡುವ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆ. ಅದರ ಗೀರುಗಳ ತುಂಬ ಪಲ್ಲೇಡಿಯಂ ಇದೆ ಎಂದು ಅವರು ಬರೆದರು. ಇರದೆ ಏನು? ಈ ‘ಲೋಹರಹಿತ’ ಶೋಧಕ್ಕೆ ಮೊದಲು ಅದೇ ಲ್ಯಾಬಿನಲ್ಲಿ ವರ್ಷಗಟ್ಟಲೆ ಪಲ್ಲೇಡಿಯಂ ಕೆಲಸವೇ ನಡೆದಿತ್ತಲ್ಲ, ಅವೇ ಬೀಡುಗಳಿಂದ. ಹಳೆಯ ಲೋಹ ಗೀರುಗಳಲ್ಲಿ ಕೂತು ಸದ್ದಿಲ್ಲದೆ ನಿಮ್ಮ ಕೆಲಸ ಮಾಡಿಕೊಡುತ್ತಿತ್ತು. ನೀವು ದಲ್ಲಾಳಿ ಇಲ್ಲ ಎಂದು ಡಂಗುರ ಸಾರುತ್ತಿದ್ದಾಗ ಅವನು ಚಪ್ಪರದ ಒಳಗೇ ಇದ್ದ.

ವಾರದ ಸಭೆಯಲ್ಲಿ ಇದನ್ನು ಹೇಳಿದೆ. ಬೆನ್ನು ತಟ್ಟುತ್ತೀರಿ ಎಂದುಕೊಂಡಿದ್ದೆ, ನನ್ನ ಪೆದ್ದುತನವೇ! ಒಂದು ತಪ್ಪು ಸಿಕ್ಕಿದರೆ ವಿಜ್ಞಾನಿಗಳಿಗೆ ಖುಷಿಯಾಗುತ್ತದೆ ಎಂದು ನೀವೇ ತರಗತಿಯಲ್ಲಿ ಪಾಠ ಮಾಡಿದ್ದಿರಿ. ನೀವು ಕನ್ನಡಕ ತೆಗೆದು ಒರೆಸಿಕೊಂಡು, ಮಿಕ್ಕವರ ಕಡೆ ತಿರುಗಿ ನಕ್ಕಿರಿ.

“ಕೇಳಿದ್ರಾ? ಇವಳ ಕೈಲಿ ಆಗ್ದೇ ಇರೋದಕ್ಕೆ ಬೀಡ್ ಕಾರಣ ಅಂತೆ. ನಾಳೆ ಸ್ಟೂಲ್ ಸರಿಯಿಲ್ಲ ಅಂತಾಳೆ.”

ಎಲ್ಲರೂ ನಕ್ಕರು. ನಗದಿದ್ದರೆ ಅವರಿಗೂ ಕಷ್ಟವಿತ್ತು ಎಂಬುದು ನನಗೆ ಗೊತ್ತು, ಅವರ ಮೇಲೆ ಸಿಟ್ಟಿಲ್ಲ. ನಾನು ಪರೀಕ್ಷೆಯ ವರದಿಯನ್ನು ನಿಮ್ಮ ಮುಂದೆ ಇಟ್ಟೆ. ನೀವು ಅದರ ಮೇಲೆ ಟೀ ಲೋಟ ಇಟ್ಟಿರಿ. ಹಾಳೆ ತಿರುಗಿಸಿ ನೋಡಲೂ ಇಲ್ಲ. ಸ್ವಲ್ಪ ದಿನಗಳಲ್ಲೇ ಸಮಿತಿ ಸೇರಿತು, ಕೌಶಲ ಸಾಲದೆಂದು ತೀರ್ಮಾನವಾಯಿತು. ನಾನು ನನ್ನ ಕೋಟು, ಚಪ್ಪಲಿ, ನೀರಿನ ಬಾಟಲಿ ಎತ್ತಿಕೊಂಡು ಹೊರಬಿದ್ದೆ. ಮನೆಗೆ ಹೋದಾಗ ಅಮ್ಮ ಒಂದೇ ಮಾತು ಕೇಳಿದರು: “ತಪ್ಪು ನಿಂದಲ್ಲ ಅಂದ್ಮೇಲೆ ತಲೆ ಯಾಕೆ ತಗ್ಸಿದೀಯ?” ಈಗ ಒಂದು ಸಾಬೂನು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುತ್ತೇನೆ. ಸೋದರತ್ತೆ ಈಗ “ನೊರೆ ಚೆನ್ನಾಗಿ ಬರತ್ತಾ?” ಎಂದು ಕೇಳುತ್ತಾರೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಈ ಪತ್ರ ಬರೆಯುತ್ತಿರಲಿಲ್ಲ. ಕೆಲವು ದಿನಗಳ ಹಿಂದೆ ಕಾರ್ಖಾನೆಯಲ್ಲಿ ಊಟಕ್ಕೆ ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ನಿಮ್ಮ ಲ್ಯಾಬಿನ ಹುಡುಗಿ. ಚುರುಕು ನಾಲಿಗೆಯವಳೆಂದು ಅಲ್ಲಿ ಅವಳಿಗೆ ‘ಮೆಣಸಿನಕಾಯಿ’ ಎಂದು ಹೆಸರಂತೆ. ಅಂದು ಆ ನಾಲಿಗೆ ತಡವರಿಸುತ್ತಿತ್ತು.

“ಅಕ್ಕಾ, ನಾನ್ಯಾರು ಅಂತ ನಿಮಗ್ಗೊತ್ತಿಲ್ಲ. ನಿಮ್ಮ ನಂಬರು ಆಫೀಸಿನ ಟೈಪಿಸ್ಟ್ ಕೊಟ್ರು. ನಿಮಗೂ ಹಿಂಗೇ ಆಗಿತ್ತಂತೆ, ಹೌದಾ?”

“ಏನಾಗಿತ್ತಂತೆ?”

“ಕೈ ಕೆಟ್ಟಿತ್ತಂತೆ.”

ಅನ್ನದ ಡಬ್ಬ ಪಕ್ಕಕ್ಕಿಟ್ಟೆ. ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಹೋದ ತಿಂಗಳವರೆಗೆ ಕ್ರಿಯೆ ಚೆನ್ನಾಗಿ ಬರುತ್ತಿತ್ತು. ಒಮ್ಮೆಲೇ ನಿಂತಿತು. ದೊಡ್ಡ ಔಷಧ ಕಂಪನಿಯ ತಂಡವೊಂದು ಸಹಯೋಗದ ಮಾತುಕತೆಗೆ ಬರಲಿದೆ, ಅವರೆದುರು ಕ್ರಿಯೆಯನ್ನು ಮಾಡಿ ತೋರಿಸಬೇಕು. ಸದ್ಯ ಈ ಕೆಲಸ ಮಾಡುತ್ತಿರುವವಳು ಅವಳೊಬ್ಬಳೇ. ಅಷ್ಟರೊಳಗೆ ಬರದಿದ್ದರೆ ನೋಂದಣಿ ಹೋಯಿತು ಎಂದು ನೀವು ಹೇಳಿದ್ದೀರಿ.

“ಬೀಡು ಯಾವ್ದು ಹಾಕ್ತಿದೀಯ?” ಎಂದೆ.

“ಹೊಸದು ಅಕ್ಕಾ. ಎಲ್ಲಾ ಹೊಸದೇ. ಗೆಸ್ಟ್ ಬರ್ತಾರೆ, ಲ್ಯಾಬು ಫಳಫಳ ಅನ್ಬೇಕು ಅಂತ ಸರ್ ಹಳೇದೆಲ್ಲಾ ಎಸೆಸ್ಬಿಟ್ರು. ಗೋಡೆಗೂ ಬಣ್ಣ ಹೊಡ್ಸಿದ್ರು.”

“ಆ ಬಿಸ್ಕತ್ತಿನ ಡಬ್ಬ?”

“ಅದನ್ನೇ ಮೊದ್ಲು ಎಸೆದಿದ್ದು. ಸರ್ ಅವ್ರೇ ನಿಂತು ಎಸೆಸಿದ್ರು. ಥೂ, ಏನಿದು ಗಲೀಜು ಅಂದ್ರು. ಕಸದ ಗಾಡಿ ತಗೊಂಡ್ಹೋಯ್ತು. ಯಾಕಕ್ಕಾ?”

ನಾನು ನಕ್ಕೆ ಮಾನ್ಯರೇ. ಊಟದ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ನಕ್ಕೆ. ಕಣ್ಣಲ್ಲಿ ನೀರು ಬಂತು. ಆ ಕಡೆ ಹುಡುಗಿ ಅಳುತ್ತಿದ್ದಾಳೆ ಎಂಬುದು ಆಮೇಲೆ ಗಮನಕ್ಕೆ ಬಂತು. ನನ್ನ ನಗು ಅಲ್ಲಿಗೆ ನಿಂತುಹೋಯಿತು.

ಇಷ್ಟು ವರ್ಷ ನಾನು ನಿಮ್ಮನ್ನು ಮೋಸಗಾರರೆಂದು ತಿಳಿದಿದ್ದೆ. ಎಲ್ಲ ಗೊತ್ತಿದ್ದೂ ಮುಚ್ಚಿಟ್ಟಿರಿ ಎಂದು ಮನಸ್ಸಿನಲ್ಲೇ ಬೈದಿದ್ದೆ. ಅದು ತಪ್ಪು ತಿಳಿವಳಿಕೆ. ಮೋಸಗಾರರಾಗಿದ್ದರೆ ನೀವು ಆ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿಕೊಳ್ಳುತ್ತಿದ್ದಿರಿ. ಕಣ್ಣಿನ ರೆಪ್ಪೆಯ ಹಾಗೆ ಕಾಯುತ್ತಿದ್ದಿರಿ. ನೀವು ನಿಂತು ಎಸೆಸಿದ್ದೀರಿ ಎಂದರೆ ನನ್ನ ಮಾತನ್ನು ನೀವು ಒಂದು ಕ್ಷಣವೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ನನ್ನನ್ನು ಸುಳ್ಳುಗಾತಿ ಎಂದಾದರೂ ಅಂದುಕೊಂಡಿದ್ದರೆ ಆ ವರದಿ ನಿಮಗೆ ನೆನಪಿರುತ್ತಿತ್ತು. ನಾನು ನಿಮಗೆ ಅಷ್ಟೂ ಆಗಿರಲಿಲ್ಲ. ಫ್ಯಾನಿನ ಸದ್ದಿನ ಹಾಗೆ ಒಂದು ಸದ್ದು, ಅಷ್ಟೇ. ಇದು ಮೋಸಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಹೆಚ್ಚು ಸಿಟ್ಟನ್ನೂ ತರಿಸುತ್ತದೆ. ಮೋಸ ಹೋದವಳೆಂದರೆ ಒಂದು ಮರ್ಯಾದೆಯಾದರೂ ಇರುತ್ತದೆ.

ಈಗ ನಿಮ್ಮನ್ನು ನಾಲ್ಕು ಮಾತು ಕೇಳುತ್ತೇನೆ. ಹೋದ ತಿಂಗಳು ಇದ್ದ ಕೈಗುಣ ಈ ತಿಂಗಳು ಎಲ್ಲಿಗೆ ಹೋಯಿತು? ಹುಡುಗಿಯ ಕೈ ಬದಲಾಗಿದೆಯೇ, ಮಣಿಕಟ್ಟಿನಿಂದ ಕಳಚಿ ಬೇರೆ ಜೋಡಿಸಿದ್ದಾರೆಯೇ? ಬದಲಾದದ್ದು ಏನೇನು ಎಂದು ಪಟ್ಟಿ ಮಾಡುವುದು ಮೊದಲ ವರ್ಷದ ಮಕ್ಕಳಿಗೂ ಕಲಿಸುವ ಪಾಠವಲ್ಲವೇ? ಗೋಡೆಯ ಬಣ್ಣ, ಬೀಡು. ಗೋಡೆಯ ಬಣ್ಣದಿಂದ ಕ್ರಿಯೆ ನಿಂತಿತೆಂದು ಬೇಕಾದರೆ ಒಂದು ಪ್ರಬಂಧ ಬರೆಯಿರಿ, ಸನ್ಮಾನಕ್ಕೆ ನಾನೂ ಬರುತ್ತೇನೆ.

ನಾನು ಸುಮ್ಮನೆ ಕೂತಿಲ್ಲ ಎಂಬುದನ್ನೂ ತಿಳಿಸಬೇಕು. ಬರಲಿರುವ ಔಷಧ ಕಂಪನಿ ತಂಡದ ಮುಂದಾಳಿಗೆ ಎಲ್ಲವನ್ನೂ ಬರೆದೆ. ಎರಡು ಫ್ಲಾಸ್ಕಿನ ಫಲಿತಾಂಶ, ಲೋಹ ಪರೀಕ್ಷೆಯ ವರದಿ ಎಲ್ಲವನ್ನೂ ಕಳಿಸಿದೆ. ಆಕೆಯೂ ರಸಾಯನಶಾಸ್ತ್ರದವರೇ, ಮೇಜಿನ ಮುಂದೆ ನಿಂತು ಬೆಳೆದವರು. ನನ್ನ ಪತ್ರಕ್ಕೆ ಆಕೆ ಟೀ ಲೋಟ ಇಡಲಿಲ್ಲ. ಓದಿದರು, ಫೋನ್ ಮಾಡಿದರು, ಪ್ರಶ್ನೆ ಕೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನಾನೂ ಹೇಳಿದೆ. ಪಾರದರ್ಶಕ ಹಂಚಿಕೆ ಎಂದರೆ ಇದೇ ಇರಬೇಕು. ಪ್ರಾತ್ಯಕ್ಷಿಕೆಯ ದಿನ ಹೊಸ ಬೀಡಿನ ಪೊಟ್ಟಣವನ್ನು ತಾವೇ ತಂದು, ಎಲ್ಲರೆದುರು ಒಡೆಯುವುದಾಗಿ ಹೇಳಿದ್ದಾರೆ.

ಚಿನ್ನದ ಕೈಯವರಿಗೂ ತಿಳಿಸಿದೆ. ಅವರು ತಮ್ಮ ಕಾಲೇಜಿನಲ್ಲಿ ಹೊಸ ಬೀಡು ಹಾಕಿ ಪ್ರಯತ್ನಿಸಿದರು. ಏನೂ ಆಗಲಿಲ್ಲ. “ನನ್ನ ಕೈಯಲ್ಲಿ ಏನೂ ಇರ್ಲಿಲ್ಲ ನೋಡಮ್ಮ. ನಿಂಗೆ ಅನ್ಯಾಯ ಆಯ್ತು,” ಎಂದು ಫೋನಿನಲ್ಲೇ ಒಪ್ಪಿಕೊಂಡರು. ಅವರ ಇಡೀ ಪ್ರಬಂಧ ಅದರ ಮೇಲೆ ನಿಂತಿದೆ, ಆದರೂ ಹೇಳಿದರು. ಪ್ರಯೋಗಾಲಯ ಬಿಟ್ಟು ಹೋಗುವಾಗ ನೆನಪಿಗೆಂದು ನಿಮ್ಮ ಒಪ್ಪಿಗೆ ಪಡೆದೇ ಒಂದು ಕರಿ ಬೀಡನ್ನು ಒಯ್ದಿದ್ದರಂತೆ. ಅದನ್ನು ನನಗೆ ಕಳಿಸಿದ್ದಾರೆ. ಉಳಿದದ್ದೆಲ್ಲ ಕಸದ ರಾಶಿ ಸೇರಿರುವಾಗ, ನಿಮ್ಮ ವಿಭಾಗದ ಮೊದಲ ಸಾಮರ್ಥ್ಯ ಈಗ ನನ್ನ ಕೈಚೀಲದಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ಹುಡುಗಿಯ ನೋಂದಣಿಯನ್ನು ಮುಟ್ಟಬಾರದು. ಸಮಿತಿ ಸೇರುವ ಮೊದಲೇ, ಕ್ರಿಯೆ ನಿಂತದ್ದು ಅವಳ ಕೈಯಿಂದಲ್ಲ ಎಂದು ಬರೆದು ವಿಭಾಗದ ಫಲಕದಲ್ಲಿ ಹಾಕಬೇಕು. ಪ್ರಾತ್ಯಕ್ಷಿಕೆಯ ದಿನ ಅವಳು ಕುರ್ಚಿಯ ಮೇಲೆ ಕೂರುತ್ತಾಳೆ. ಕೋಟು ಹಾಕಿ, ತೋಳು ಮಡಚಿ, ಫ್ಲಾಸ್ಕಿನ ಮುಂದೆ ನಿಲ್ಲುವವರು ನೀವು. ನನ್ನ ಪದವಿಯನ್ನು ಮರೆತುಬಿಟ್ಟಿದ್ದೇನೆ ಎಂದೂ ತಿಳಿಯಬೇಡಿ. ಅದನ್ನೂ ಕೇಳುತ್ತೇನೆ, ಆ ದಿನ ಒಮ್ಮೆ ಮುಗಿಯಲಿ.

ನಾನು ರಜೆ ಹಾಕಿದ್ದೇನೆ. ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ತಂಡದ ಮುಂದಾಳು ನಮ್ಮಿಬ್ಬರನ್ನೂ ತಮ್ಮ ಅತಿಥಿಗಳೆಂದು ಸೇರಿಸಿಕೊಂಡಿದ್ದಾರೆ. ಗಂಟೆಗಳು ಕಳೆದು, ಆ ಬಿಳಿ ಬೀಡು ಸುಮ್ಮನೆ ತಿರುಗುತ್ತಲೇ ಇದ್ದು, ಎಲ್ಲರೂ ನಿಮ್ಮ ಮುಖ ನೋಡಲು ಶುರುಮಾಡಿದಾಗ ಗಾಬರಿಯಾಗಬೇಡಿ. ನಿಮ್ಮನ್ನು ಉಳಿಸಬಲ್ಲ ವಸ್ತು ಅದೇ ಕೋಣೆಯಲ್ಲಿರುತ್ತದೆ. ಕೈ ಚಾಚಿ ಕೇಳಿ, ಅಲ್ಲೇ ಕೊಡುತ್ತೇನೆ, ಒಂದು ಕ್ಷಣವೂ ಸತಾಯಿಸುವುದಿಲ್ಲ. ಅದು ನಿಮಗೆ ಏಕೆ ಬೇಕು ಎಂಬುದನ್ನು ಮಾತ್ರ ಅತಿಥಿಗಳಿಗೆ ನೀವೇ ಜೋರಾಗಿ ಹೇಳಬೇಕು.

ಇಂತಿ,
ಕೌಶಲ ಸಾಲದೆಂದು ತಮ್ಮ ಸಮಿತಿಯಿಂದ ಸರ್ವಾನುಮತದ ಪ್ರಮಾಣ ಪಡೆದ,
ಸದ್ಯ ಊರವರ ಸಾಬೂನಿಗೆ ಜವಾಬ್ದಾರಳಾದ,
ನಿಮ್ಮ ಒಂದು ಕಾಲದ ವಿದ್ಯಾರ್ಥಿನಿ